ಮುಖ ನೋಡದವರ ಆಹ್ವಾನ

“ಮೇಡಂ, ಒಂದ್ನಿಮಿಷ. ಮುಖಾನೇ ನೋಡದೇ ಇರೋರನ್ನ ನೋಡೋಕೆ ಹೋಗೋದಾದ್ರೆ ಯಾವ ಬಾಕ್ಸಿಗೆ ಟಿಕ್ ಹಾಕ್ಬೇಕು?”

ಕಾನ್ಸುಲೇಟಿನ ಕಾಯುವ ಕೋಣೆಯಲ್ಲಿ ಟೋಕನ್ ಹಿಡಿದು ಕೂತಿದ್ದ ಅವಳು ತಲೆಯೆತ್ತಿದಳು. ಪಕ್ಕದ ಕುರ್ಚಿಯವನು ವೀಸಾ ಅರ್ಜಿಯನ್ನು ತೊಡೆಯ ಮೇಲೆ ಹರಡಿಕೊಂಡು, ಪೆನ್ನಿನ ತುದಿಯನ್ನು ‘ಪ್ರಯಾಣದ ಉದ್ದೇಶ’ ಎಂಬಲ್ಲಿ ಊರಿ ಕೂತಿದ್ದ. ಇಸ್ತ್ರಿ ಮಾಡಿದ ಶರ್ಟು, ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಗ್ರೀಸಿನ ಕಪ್ಪು.

“ಪ್ರವಾಸ, ವ್ಯಾಪಾರ, ನೆಂಟರು ಅಥವಾ ಸ್ನೇಹಿತರ ಭೇಟಿ. ಇರೋದೇ ಇಷ್ಟು,” ಎಂದಳು.

“ನೆಂಟರಲ್ಲ. ಸ್ನೇಹಿತರು ಅನ್ನೋಕೂ ಆಗಲ್ಲ. ಒಬ್ಬರು ಹೆಂಗಸು, ಬಾ ಅಂತ ಕರೆದಿದ್ದಾರೆ. ನಾನು ಅವರ ದನಿ ಮಾತ್ರ ಕೇಳಿದ್ದೀನಿ.”

ಓಹೋ, ಇದು ಆ ಕಥೆ ಎಂದುಕೊಂಡಳು. ಆನ್‌ಲೈನಿನಲ್ಲಿ ಯಾರೋ ನಾಲ್ಕು ಸವಿಮಾತು ಆಡಿರಬೇಕು, ಇವನು ಪಾಸ್‌ಪೋರ್ಟು ಹಿಡಿದು ಹೊರಟಿರಬೇಕು. ನೋಡಿದರೆ ಮುವ್ವತ್ತೈದು ದಾಟಿದ, ಬುದ್ಧಿ ನೆಟ್ಟಗಿರುವವನ ಹಾಗೇ ಕಾಣುತ್ತಿದ್ದ.

“ಸ್ನೇಹಿತರು ಅಂತಲೇ ಹಾಕಿ. ಮುಖ ನೋಡಿದ ಮೇಲೆ ಬೇಕಾದ್ರೆ ಬದಲಾಯಿಸ್ಕೊಳ್ಳಿ.”

ಅವನು ನಕ್ಕ, ಆದರೆ ತುಟಿ ಬಿಚ್ಚಲಿಲ್ಲ. ಅವಳಿಗೆ ಅದೊಂದು ಸಣ್ಣ ನಿರಾಸೆ. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಅವಳದು ಹನ್ನೊಂದು ವರ್ಷದ ಕೆಲಸ. ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ ಕೂರಿಸಿ, ಯಾರು ಎದುರಾದರೂ ಮೊದಲು ಬಾಯಿ ನೋಡುವುದು ಅಭ್ಯಾಸವಾಗಿಬಿಟ್ಟಿತ್ತು. “ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ. ನೀನೊಬ್ಬಳು ಊರಿಗೆಲ್ಲ ಹಲ್ಲು ಕೊಟ್ಟು ಒಂಟಿಯಾಗಿ ಕೂತಿದ್ದೀಯ,” ಎಂದು ಅಮ್ಮ ಆಗಾಗ ಕುಟುಕುವುದುಂಟು. ಈಗ ಹೊರದೇಶದಲ್ಲಿರುವ ಅಕ್ಕನಿಗೆ ಹೆರಿಗೆಯಾಗಿತ್ತು. ಮಂಡಿ ನೋವಿನ ಅಮ್ಮನಿಗೆ ಅಷ್ಟು ದೂರದ ಪ್ರಯಾಣ ಆಗದು. ಹತ್ತು ದಿನದ ಮಟ್ಟಿಗೆ ಮಗು ನೋಡಿ ಬರಲು ಇವಳು ಹೊರಟಿದ್ದಳು.

ಅಷ್ಟರಲ್ಲಿ ಅವನ ನಂಬರು ಬಂತು. ಗಾಜಿನ ಹಿಂದಿದ್ದ ಅಧಿಕಾರಿಣಿಯ ಮೈಕು ಜೋರಾಗಿತ್ತು. ಕೇಳಬಾರದು ಎಂದುಕೊಂಡರೂ ಅವಳ ಕಿವಿ ತಾನಾಗಿ ಅತ್ತ ತಿರುಗಿತು.

“ಆಹ್ವಾನ ಕಳಿಸಿರೋರಿಗೂ ನಿಮಗೂ ಏನು ಸಂಬಂಧ?”

“ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ರು, ಮೇಡಂ.”

ಕೋಣೆಯಲ್ಲಿದ್ದ ಮುವ್ವತ್ತು ಜನ ಗೊಳ್ಳೆಂದು ನಕ್ಕರು. ಅಧಿಕಾರಿಣಿ ನಗಲಿಲ್ಲ. ಇನ್ನೊಂದು ವಿವರಣೆ ಪತ್ರ ಬರೆದು ಬುಧವಾರ ತನ್ನಿ ಎಂದು ಕಾಗದ ವಾಪಸು ತಳ್ಳಿದಳು. ಕೆಂಪೇರಿದ ಕಿವಿಗಳೊಂದಿಗೆ ಅವನು ಹೊರಗೆ ಹೋದ.

ಅವಳ ಕೆಲಸ ಐದೇ ನಿಮಿಷದಲ್ಲಿ ಮುಗಿಯಿತು. ಬೆರಳಚ್ಚು ಕೊಟ್ಟು ಹೊರಬಂದರೆ, ಅವನು ಮೆಟ್ಟಿಲ ಮೇಲೆ ಖಾಲಿ ಹಾಳೆ ಇಟ್ಟುಕೊಂಡು ಕೂತಿದ್ದ. ಅವಳು ಮೂರು ಮೆಟ್ಟಿಲು ಇಳಿದಳು, ನಾಲ್ಕನೆಯದರ ಮೇಲೆ ನಿಂತಳು. ಅವನ ಪಾಡಿಗೆ ಅವನನ್ನು ಬಿಟ್ಟು ಹೋಗಬಹುದಿತ್ತು. ಹೋದರೆ ರಾತ್ರಿಯೆಲ್ಲ ಲಿಫ್ಟಿನದೇ ಯೋಚನೆ.

“ಯಾರು ಸಿಕ್ಕಿಹಾಕ್ಕೊಂಡಿದ್ದು?” ಎಂದು ಕೇಳಿಯೇಬಿಟ್ಟಳು.

ಅವನು ಲಿಫ್ಟ್ ಮೆಕ್ಯಾನಿಕ್ಕು. ಎರಡು ವರ್ಷದ ಹಿಂದೆ ಒಂದು ಹೋಟೆಲಿನಲ್ಲಿ ಲಿಫ್ಟು ನಾಲ್ಕನೇ ಮಹಡಿಗೂ ಐದನೆಯದಕ್ಕೂ ನಡುವೆ ನಿಂತುಹೋಗಿತ್ತು. ಒಳಗಿದ್ದದ್ದು ಒಬ್ಬರೇ, ಹೊರದೇಶದ ಹೆಂಗಸು. ಅವನು ಮೇಲಿನ ಮೋಟಾರು ಕೋಣೆಯಲ್ಲಿ ಕೆಲಸ ಮಾಡುತ್ತ, ಇಂಟರ್‌ಕಾಮಿನಲ್ಲಿ ಅವರೊಂದಿಗೆ ಎರಡು ಗಂಟೆ ಮಾತಾಡಿದ್ದ. ಬರುವ ಅರೆಬರೆ ಇಂಗ್ಲಿಷಿನಲ್ಲೇ.

“ಕತ್ತಲು ಅಂದ್ರೆ ಅವರಿಗೆ ಭಯ. ಅದಕ್ಕೇ ನಾನು ಒಂದೊಂದು ಸದ್ದನ್ನೂ ಇದು ಇಂಥದ್ದು ಅಂತ ಹೇಳ್ತಾ ಹೋದೆ. ಈಗ ಬ್ರೇಕ್ ಸಡಿಲ ಮಾಡ್ತೀನಿ, ಈಗ ಚಕ್ರ ಕೈಯಲ್ಲೇ ತಿರುಗಿಸ್ತೀನಿ ಅಂತ. ಲಿಫ್ಟು ಕೆಳಗಿಳೀತು, ಬಾಗಿಲು ತೆಗೆದ್ರು. ನಾನು ಮೆಟ್ಟಿಲಿಳಿದು ಬರೋಷ್ಟರಲ್ಲಿ ಟ್ಯಾಕ್ಸಿ ಏರ್‌ಪೋರ್ಟಿಗೆ ಹೊರಟಾಗಿತ್ತು.”

“ಆಮೇಲೆ?”

ಅವನು ಹೋಟೆಲಿನವರ ಮೂಲಕ ಬಂದಿದ್ದ ಒಂದು ಕಾಗದ ಕೊಟ್ಟ. ದೊಡ್ಡ ದೊಡ್ಡ ಅಕ್ಷರ, ಸಾಲುಗಳು ಒಂದರ ಮೇಲೊಂದು ವಾಲಿದ್ದವು. ‘ನನ್ನ ಗಂಡ ತೀರಿಕೊಂಡ ಮೇಲೆ ಒಂದೇ ಸಮನೆ ಎರಡು ಗಂಟೆ ನನ್ನೊಂದಿಗೆ ಮಾತಾಡಿದವನು ನೀನೊಬ್ಬನೇ. ನನಗೀಗ ಎಂಬತ್ತೊಂದು. ಬಾ, ನಿನ್ನ ಜೊತೆ ಒಂದು ಕಪ್ ಕಾಫಿ ಕುಡಿಯಬೇಕು.’

ಅವಳು ಪತ್ರ ಮಡಿಸಿ ಕೊಟ್ಟಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನು ಏನೂ ಕೇಳದಿದ್ದರೂ, “ನಾನು ಬೇರೆ ಏನೋ ಅಂದ್ಕೊಂಡಿದ್ದೆ,” ಎಂದಳು.

“ಏನಂತ?”

“ಬಿಡಿ. ಪೆನ್ನು ಕೊಡಿ ಇಲ್ಲಿ.”

ಆ ಮಧ್ಯಾಹ್ನ ಮೆಟ್ಟಿಲ ಮೇಲೇ ಪತ್ರ ತಯಾರಾಯಿತು. ಅವನು ಹೇಳುವುದು, ಇವಳು ತಿದ್ದುವುದು. “ಅವರ ಮುಖ ನೋಡಬೇಕೆಂಬ ಆಸೆ,” ಎಂದು ಅವನು ಹೇಳಿದರೆ, ಇವಳು, “ಆಸೆ ಬೇಡ, ಸರ್ಕಾರಕ್ಕೆ ಆಸೆ ಅಂದ್ರೆ ಅನುಮಾನ,” ಎನ್ನುವಳು. ಆಗ ಅವನು ಮೊದಲ ಸಲ ಬಾಯ್ತುಂಬ ನಕ್ಕ. ಮುಂದಿನ ಹಲ್ಲೊಂದು ಪಕ್ಕದ್ದರ ಮೇಲೆ ಸ್ವಲ್ಪವೇ ಏರಿ ಕೂತಿತ್ತು. ಲ್ಯಾಬಿಗೆ ಬಂದಿದ್ದರೆ ಅದನ್ನು ತಪ್ಪು ಎನ್ನುತ್ತಿದ್ದಳು. ಇಲ್ಲಿ, ಬಿಸಿಲಲ್ಲಿ, ಹಾಗನ್ನಿಸಲಿಲ್ಲ.

ಬುಧವಾರ ಅವಳಿಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಆದರೂ ಹೋದಳು. “ನೀವು ಯಾಕೆ ಬಂದ್ರಿ?” ಎಂದು ಅವನು ಕೇಳಿದ್ದಕ್ಕೆ, “ಕಾಗುಣಿತ ತಪ್ಪಾಗಿದ್ರೆ ಅಂತ,” ಎಂದಳು. ಪತ್ರ ಇಂಗ್ಲಿಷಿನಲ್ಲಿತ್ತು. ಇಬ್ಬರೂ ಆ ಮಾತನ್ನು ಎತ್ತಲಿಲ್ಲ.

ಅದಾದ ಎಂಟು ದಿನಕ್ಕೆ ಪಾಸ್‌ಪೋರ್ಟು ಪಡೆಯಲು ಇಬ್ಬರೂ ಮತ್ತೆ ಅಲ್ಲಿಗೇ ಬಂದರು. ಅವಳದರಲ್ಲಿ ವೀಸಾ ಅಂಟಿಸಿತ್ತು. ಅವನದರಲ್ಲಿ ಒಂದು ಚೀಟಿ: ಕರೆದವರೊಂದಿಗಿನ ಸಂಬಂಧ ಸ್ಪಷ್ಟವಿಲ್ಲ, ಅರ್ಜಿ ತಿರಸ್ಕೃತ.

ಅವನು ಚೀಟಿಯನ್ನು ಎರಡು ಸಲ ಓದಿ ಜೇಬಿಗೆ ಹಾಕಿಕೊಂಡ. “ಹೋಗ್ಲಿ ಬಿಡಿ. ಅವರಿಗೆ ಏನಂತ ಬರೀಲಿ, ಅದೊಂದೇ ತೋಚ್ತಾ ಇಲ್ಲ. ಹೋದ ವಾರ ಬಂದ ಪತ್ರದಲ್ಲಿ ಅಕ್ಷರ ಇನ್ನೂ ದೊಡ್ಡದಾಗಿತ್ತು. ಕಣ್ಣು ಹೋಗ್ತಾ ಇರ್ಬೇಕು.”

ಇವನ ಹಣೆಯಲ್ಲಿ ಬರೆದಿದ್ದನ್ನು ತಾನು ಕಸಿದುಕೊಂಡು ಹೊರಟಂತೆ ಅವಳಿಗೆ ಅನ್ನಿಸಿತು.

“ವಿಳಾಸ ಕೊಡಿ,” ಎಂದಳು. “ಅಕ್ಕನ ಊರಿಂದ ರೈಲಲ್ಲಿ ಎರಡೇ ಗಂಟೆ. ಕಾಫಿ ನಾನು ಕುಡ್ದು ಬರ್ತೀನಿ.”

ಅಕ್ಕನ ಮನೆಯಲ್ಲಿ ಮಗು ಅಳುವುದು, ಮಲಗುವುದು, ಮತ್ತೆ ಅಳುವುದು. ನಡುವೆ ಇವಳ ಫೋನು ಮಿಣುಕುವುದು. “ಯಾರೇ ಅದು?” ಎಂದು ಅಕ್ಕ ಕೇಳಿದರೆ, “ಲಿಫ್ಟ್ ರಿಪೇರಿಯವರು,” ಎನ್ನುವಳು. “ನಿಮ್ಮನೆ ನೆಲಮಹಡಿಯಲ್ಲಲ್ವಾ?” ಎಂದು ಅಕ್ಕ ಮಗುವಿನ ಬೆನ್ನು ತಟ್ಟುತ್ತ ಅವಳನ್ನೇ ನೋಡಿದಳು.

ಆರನೇ ದಿನ ರೈಲು ಹತ್ತಿ ಹೋದಳು. ಮೂರನೇ ಮಹಡಿಯ ಪುಟ್ಟ ಮನೆ, ಕಿಟಕಿ ತುಂಬ ಹೂಕುಂಡ. ಬಾಗಿಲು ತೆರೆದ ಅಜ್ಜಿ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದರು. ಬಿಳಿ ಕೂದಲು, ನಗುವಾಗ ಹಲ್ಲಿನ ಸೆಟ್ಟು ಸ್ವಲ್ಪ ಸಡಿಲ. ಕಾಫಿ ಬಟ್ಟಲು ಎರಡಲ್ಲ, ಮೂರು ಇಟ್ಟಿದ್ದರು. ಅವಳು ಅವನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. “ನನ್ನ ಎಂಜಿನಿಯರ್!” ಎಂದು ಅಜ್ಜಿ ಕಣ್ಣೊರೆಸಿಕೊಂಡರು. ಅವರಿಬ್ಬರೂ ಮಾತಾಡಿಕೊಳ್ಳಲಿ ಎಂದು ಇವಳು ಅಡುಗೆಮನೆಗೆ ಹೋಗಿ, ಅಗತ್ಯಕ್ಕಿಂತ ಹೆಚ್ಚು ಹೊತ್ತು ಹಾಲು ಕಾಯಿಸಿದಳು.

ಮರಳಿದಾಗ ಮಾತು ನಿಂತಿತ್ತು. ಫೋನಿನ ಪರದೆ ಕಪ್ಪಾಗಿತ್ತು.

“ಅವನ ಮುಖ ಹೇಗಿದೆ, ಹೇಳು,” ಎಂದರು ಅಜ್ಜಿ. ಅವಳು ಫೋಟೊ ತೋರಿಸಲು ಕೈ ಚಾಚಿದರೆ, ತಡೆದರು. “ನನಗೆ ಈಗ ನೆರಳಷ್ಟೇ ಕಾಣೋದು. ನೀನು ಬಾಯಲ್ಲಿ ಹೇಳು.”

ಅವಳು ಹಲ್ಲಿನಿಂದ ಶುರು ಮಾಡಿದಳು, ಗೊತ್ತಿರುವ ವಿದ್ಯೆ ಅದೊಂದೇ. ಆಮೇಲೆ ನಾಚಿಕೆಯಾದರೆ ಮೊದಲು ಕಿವಿಯೇ ಕೆಂಪಾಗುವುದು. ಯೋಚಿಸುವಾಗ ಹುಬ್ಬುಗಳ ನಡುವೆ ಬೀಳುವ ಒಂದೇ ಒಂದು ಗೆರೆ. ಯಾರಾದರೂ ಮಾತಾಡುತ್ತಿದ್ದರೆ ಕಣ್ಣು ಮಿಟುಕಿಸುವುದನ್ನೂ ಮರೆತು ಕೇಳುವ ಬಗೆ. ಕೈ ಕಟ್ಟಿಕೊಂಡಾಗ ಗ್ರೀಸಿನ ಬೆರಳುಗಳನ್ನು ಕಂಕುಳಲ್ಲಿ ಬಚ್ಚಿಡುವುದು, ಅದು ಬಚ್ಚಿಡುವಂಥದ್ದೇ ಅಲ್ಲ ಎಂದು ಯಾರೂ ಅವನಿಗೆ ಹೇಳದಿರುವುದು. ಹೇಳುತ್ತ ಹೇಳುತ್ತ ಕಾಫಿ ಆರಿತು.

“ಎಷ್ಟು ವರ್ಷದ ಪರಿಚಯ?” ಅಜ್ಜಿ ಕೇಳಿದರು.

“ಮೂರು ಸಲ ನೋಡಿದ್ದೀನಿ.”

ಅಜ್ಜಿ ಅವಳ ಕೈಯನ್ನು ಹುಡುಕಿ ಹಿಡಿದುಕೊಂಡರು.

“ಇನ್ನು... ಎಡಗಡೆ ಗಲ್ಲದಲ್ಲಿ ಒಂದು ಮಚ್ಚೆ,” ಎಂದು ಅವಳು ಮುಗಿಸಿದಳು.

“ಬಲಗಡೆ,” ಎಂದಿತು ಫೋನು. “ರೈಟ್ ಸೈಡ್, ಮೇಡಂ.”

ಅವಳು ಫೋನನ್ನು ಎರಡೂ ಕೈಯಲ್ಲಿ ಮುಚ್ಚಿದಳು, ಬಾಯಿ ಮುಚ್ಚಿದ ಹಾಗೆ. ಅಜ್ಜಿ ಭುಜ ಕುಲುಕಿಸಿ ನಗುತ್ತಿದ್ದರು. “ಫೋನ್ ಇಟ್ಟುಬಿಡಬೇಡ, ಸುಮ್ಮನಿರು ಅಂತ ನಾನೇ ಅವನಿಗೆ ಹೇಳಿದ್ದು,” ಎಂದರು. ಅವಳು ಕರೆ ಕಡಿದಳು. ಮುಖ ಬಿಸಿಯಾಗಿ, ಕಿಟಕಿಯ ಹೂಕುಂಡಗಳ ಕಡೆಗೆ ತಿರುಗಿ ನಿಂತಳು.

ಹಿಂದಿರುಗುವ ರೈಲಿನಲ್ಲಿ ಮೆಸೇಜು ಬಂತು. ‘ಹೇಳೋದು ಇನ್ನೂ ಏನಾದ್ರೂ ಉಳಿದಿತ್ತಾ?’

ರೈಲು ಎರಡು ಸ್ಟೇಷನ್ ದಾಟಿತು. ಆಮೇಲೆ ಬರೆದಳು, ‘ಉಳಿದಿದೆ. ಫೋನಲ್ಲಿ ಹೇಳೋವಂಥದ್ದಲ್ಲ.’

ಅದಕ್ಕೆ ಅವನಿಂದ ಬಂದದ್ದು ಒಂದೇ ಪ್ರಶ್ನೆ. ‘ಫ್ಲೈಟ್ ಎಷ್ಟು ಗಂಟೆಗೆ?’ ಅವಳು ಸಮಯ ಬರೆದು ಕಳಿಸಿದಳು. ಅವನಿಂದ ಮತ್ತೆ ಮಾತಿಲ್ಲ. ಉಳಿದ ನಾಲ್ಕು ದಿನ ಅವಳು ಆ ಮೌನವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬರುತ್ತಾನೋ, ಸುಮ್ಮನೆ ಕೇಳಿದ್ದನೋ?

ವಿಮಾನ ಇಳಿದಾಗ ಬೆಳಗ್ಗೆ ಹತ್ತೂವರೆ. ಪೆಟ್ಟಿಗೆ ತಳ್ಳಿಕೊಂಡು ಹೊರಬಂದರೆ, ಕಂಬಿಯ ಆಚೆ ಅಮ್ಮ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಅವನು, ಇಸ್ತ್ರಿ ಮಾಡಿದ ಶರ್ಟಿನಲ್ಲಿ, ಅಮ್ಮನ ನೀರಿನ ಬಾಟಲಿ ಹಿಡಿದುಕೊಂಡು ನಿಂತಿದ್ದ. ಇಬ್ಬರೂ ಮಾತಿನಲ್ಲಿ ಮುಳುಗಿದ್ದರು. ಅವಳನ್ನು ಮೊದಲು ಕಂಡವನು ಅವನು. ಕಂಡು ಮಾತು ಅರ್ಧಕ್ಕೇ ನಿಲ್ಲಿಸಿದ.

“ಬಂದ್ಯಾ ಮರಿ,” ಎಂದು ಅಮ್ಮ ಮಂಡಿ ಹಿಡಿದುಕೊಂಡು ಎದ್ದರು. “ಮಗು ಯಾರ ಥರ ಇದೆ? ನೋಡು, ಇವರು ಪಾಪ, ನನಗಿಂತ ಮುಂಚೆ ಬಂದು ಕಾಯ್ತಾ ಇದ್ದಾರೆ. ಈ ಕುರ್ಚಿ ಹುಡುಕಿ ತಂದುಕೊಟ್ಟಿದ್ದೂ ಇವರೇ. ಯಾರಿಗೆ ಕಾಯ್ತಿದ್ದೀರಪ್ಪಾ ಅಂದ್ರೆ ಮಾತ್ರ ಬಾಯೇ ಬಿಡಲ್ಲ.”

ಅವನ ಕಿವಿಗಳು ಕೆಂಪಗೆ ಉರಿಯುತ್ತಿದ್ದವು. ಅವಳು ಕಂಬಿ ಸುತ್ತಿಕೊಂಡು ಬಂದು ಅವನ ಎದುರು ನಿಂತಳು. ಇಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ.

“ನನಗೇ ಅಮ್ಮ,” ಎಂದಳು, ಅವನಿಂದ ಕಣ್ಣು ತೆಗೆಯದೆ. “ಅವರು ನನಗೇ ಕಾಯ್ತಿರೋದು.”

ಅಮ್ಮ ಮಗಳನ್ನು ನೋಡಿದರು. ಅವನನ್ನು ತಲೆಯಿಂದ ಕಾಲಿನವರೆಗೆ ಇನ್ನೊಮ್ಮೆ ನೋಡಿದರು, ಈ ಸಲ ನಿಧಾನವಾಗಿ.

“ಹೌದೇನಪ್ಪಾ?”

“ಹೌದಮ್ಮ,” ಎಂದ ಅವನು.

“ಮತ್ತೆ ನಿಂತ್ಕೊಂಡು ಏನು ನೋಡ್ತಿದ್ದೀಯ?” ಎಂದರು ಅಮ್ಮ, ತಮ್ಮ ಬಾಟಲಿ ವಾಪಸು ಕಿತ್ತುಕೊಳ್ಳುತ್ತ. “ಅವಳ ಕೈಯಿಂದ ಪೆಟ್ಟಿಗೆ ತಗೋ.”