ಅಜ್ಜಿಯ ಮಶೇರಿ ಡಬ್ಬಿ

"ತೆಗಿ ನೋಡೋಣ, ಒಳಗೇನದ?" ಎಂದರು ಪೂರ್ವಾ ಟೀಚರ್.

ಶೀತಲ ಡಬ್ಬಿಯ ಮುಚ್ಚಳಕ್ಕೆ ಉಗುರು ಹಾಕಿದಳು. ಬಿಗಿಯಾಗಿತ್ತು. ಒಳಗೇನೂ ಇಲ್ಲ ಟೀಚರ್, ಇಪ್ಪತ್ತೊಂದು ವರ್ಷದಿಂದ ಖಾಲಿ ಅದ, ಎಂದು ಅವಳು ಆಗಲೇ ಎರಡು ಸಲ ಹೇಳಿದ್ದಳು. ಆದರೆ ಟೀಚರಿಗೆ ಖಾಲಿ ಡಬ್ಬಿಯನ್ನೂ ನೋಡುವ ಆಸೆ.

ಆವತ್ತು ಐದನೇ ಇಯತ್ತೆಯ ಮಕ್ಕಳೆಲ್ಲ ಮನೆಯಿಂದ ಒಂದು ಹಳೆಯ ವಸ್ತು ತಂದು ಅದರ ಕತೆ ಹೇಳಬೇಕಿತ್ತು. ಸೋಮು ಅವನಜ್ಜನ ಕನ್ನಡಕ ತಂದಿದ್ದ. ಅದರ ಕತೆ "ಮುರೀತು" ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗಿತ್ತು.

ಶೀತಲಳ ಕತೆ ದೊಡ್ಡದಿತ್ತು. ಅವಳ ಅಜ್ಜಿ ಸೋನಾಬಾಯಿ ಹಿಂದೆ ಮಶೇರಿ ತಿಕ್ಕುತ್ತಿದ್ದಳು. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಬೆರಳಿನಿಂದ ಹಲ್ಲಿಗೆ ಉಜ್ಜುವುದು. ಅವರ ಊರು ಕುಂಭಾರಿಯ ಎಷ್ಟೋ ಮುದುಕಿಯರಿಗೆ ಅದಿಲ್ಲದೆ ಬೆಳಗೇ ಆಗುವುದಿಲ್ಲ.

ಅಜ್ಜಿಯ ಸಣ್ಣ ಮಗ ಸಿದ್ಧರಾಮ, ಅಂದರೆ ಶೀತಲಳ ಕಾಕಾ, ಹೃದಯದಲ್ಲಿ ತೂತು ಇಟ್ಟುಕೊಂಡೇ ಹುಟ್ಟಿದವನು. ಅತ್ತರೆ ತುಟಿ ನೀಲಿ, ನಾಲ್ಕು ಹೆಜ್ಜೆ ಓಡಿದರೆ ಉಗುರು ನೀಲಿ. ನಾಲ್ಕು ವರ್ಷದವನಿದ್ದಾಗ ಪುಣೆಯಲ್ಲಿ ಅವನ ಎದೆ ಸೀಳಿ ಆಪರೇಷನ್ ಮಾಡಿದರು. ದವಾಖಾನೆಯ ಮೆಟ್ಟಿಲ ಮೇಲೆ ಕೂತ ಅಜ್ಜಿ ಸೊಲ್ಲಾಪುರದ ಸಿದ್ಧರಾಮೇಶ್ವರನಿಗೆ ಹರಕೆ ಹೊತ್ತಳು. ನನ್ನ ಮಗ ಎದ್ದು ಕೂತರೆ ನಾನು ಇನ್ನು ಮಶೇರಿ ಮುಟ್ಟುವುದಿಲ್ಲ.

ಮಗ ಎದ್ದು ಕೂತ. ಅಜ್ಜಿ ಡಬ್ಬಿ ತೊಳೆದು, ಒಣಗಿಸಿ, ದೇವರ ಜಗಲಿಯ ಮೇಲೆ ಇಟ್ಟಳು. ಅದನ್ನು ಯಾರೂ ಮುಟ್ಟಕೂಡದು. ಕೇಳಿದರೆ ಕೊಡುವುದಿಲ್ಲವೆಂದು ಶೀತಲ ಕೇಳದೆಯೇ ಸಾಲೆಯ ದಪ್ತರದ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು.

ಮುಚ್ಚಳ ಟಪ್ಪನೆ ಬಿಚ್ಚಿತು. ಒಳಗೆ ಅರ್ಧ ಡಬ್ಬಿ ತಂಬಾಕು ಇತ್ತು.

"ಏ, ಶೀತಲ ತಂಬಾಕ ತಂದಾಳೋ," ಎಂದ ಸೋಮು. ವರ್ಗವೆಲ್ಲ ಹೋ ಎಂದು ನಕ್ಕಿತು. ಶೀತಲಳಿಗೆ ಕಿವಿ ಬಿಸಿಯಾಯಿತು. ಟೀಚರ್ ಡಬ್ಬಿ ಕಸಿದು ಮುಚ್ಚಿದರು. ಅಷ್ಟರೊಳಗೆ ಅವಳು ನೋಡಿಯೇಬಿಟ್ಟಿದ್ದಳು. ತಂಬಾಕಿನ ನಡುವೆ ಹಸಿರು ಪುಡಿ ಇತ್ತು, ಸಾಸಿವೆಗಿಂತ ತುಸು ದೊಡ್ಡ ದುಂಡನೆಯ ಬೀಜಗಳಿದ್ದವು. ವಾಸನೆಯೂ ಬೇರೆ. ಆ ವಾಸನೆ ಅವಳಿಗೆ ಎಲ್ಲೋ ಗೊತ್ತಿತ್ತು, ಎಲ್ಲಿ ಎಂದು ಮಾತ್ರ ನೆನಪಾಗಲಿಲ್ಲ.

ಟೀಚರ್ ಫೋನು ಮಾಡಿದ್ದರಿಂದ ಅವ್ವ ಸಾಲೆಗೆ ಬಂದು ಡಬ್ಬಿ ಎತ್ತಿಕೊಂಡು ಮಗಳನ್ನು ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿ ಹಿಡಿದು ಸರಸರ ನಡೆದಳು. 

ಮನೆಯಲ್ಲಿ ಮೊದಲೇ ಹೆದರಿಕೆ ಹೊಕ್ಕಿತ್ತು. ಸಿದ್ಧರಾಮ ಕಾಕಾ ಸೊಲ್ಲಾಪುರದ ಚಾದರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಹತ್ತು ದಿನದ ಹಿಂದೆ ಅಂಗಡಿಯ ಮೆಟ್ಟಿಲು ಹತ್ತುವಾಗ ಕಣ್ಣಿಗೆ ಕತ್ತಲು ಬಂದು ಬಿದ್ದಿದ್ದ. ಸಣ್ಣವನಿದ್ದಾಗ ತೂತಿನ ಜೊತೆಗೆ ಸರಿಮಾಡಿದ ಹೃದಯದ ಕವಾಟ ಈಗ ಸೋರುತ್ತಿದೆ, ಹೊಸದು ಕೂಡಿಸಬೇಕು ಎಂದು ಡಾಕ್ಟರ್ ಹೇಳಿದ್ದರು. ಗುರುವಾರ ಹೋದರೆ ಆಪರೇಷನ್ನಿನ ತಾರೀಖು ಸಿಗುವುದಿತ್ತು. ಎಲ್ಲ ಸರಿಯಿದ್ದವನಿಗೆ ಒಮ್ಮೆಲೇ ಹೀಗೇಕಾಯಿತು ಎಂದು ಮನೆಮಂದಿ ಕಾರಣ ಹುಡುಕುತ್ತಿದ್ದರು.

ಅವ್ವನಿಗೆ ಕಾರಣ ಸಿಕ್ಕಿಬಿಟ್ಟಿತು. ಡಬ್ಬಿ ತೆರೆದು ಅತ್ತೆಯ ಮುಂದೆ ಇಟ್ಟಳು.

"ಇಪ್ಪತ್ತೊಂದು ವರ್ಷ ತಡದ್ರಿ. ಈಗ್ಯಾಕ ತಡಿಯಾಕ ಆಗಲಿಲ್ಲ ಅತ್ತಿ? ತಂಬಾಕ ತಂದಿಟ್ಟೀರಿ, ಹುರಿಯೋದೊಂದು ಉಳದದ. ದೇವರಿಗೆ ಕೊಟ್ಟ ಮಾತು ಮುರದ್ರಿ, ಅದಕ್ಕೇ ಸಿದ್ದೂನ ಎದಿ ಮತ್ತ ಕೆಟ್ಟದ."

ಅಜ್ಜಿ ಡಬ್ಬಿಯನ್ನು ಕೈಗೆತ್ತಿಕೊಂಡು ಮೂಸಿದಳು. ಉಗುರಿನಿಂದ ಒಂದು ಹಸಿರು ಬೀಜ ಹೆಕ್ಕಿ ಎರಡು ಬೆರಳ ನಡುವೆ ಹೊರಳಿಸಿದಳು. ಆಮೇಲೆ ಮಂಚದ ಮೇಲೆ ಮೊಬೈಲು ಹಿಡಿದು ಕೂತಿದ್ದ ಮಗನ ಕಡೆ ನೋಡಿದಳು. ಕಾಕಾನ ಹೆಬ್ಬೆರಳು ಮೊಬೈಲಿನ ಮೇಲೆ ನಿಂತುಬಿಟ್ಟಿತ್ತು.

"ಹೌದು," ಎಂದಳು ಅಜ್ಜಿ. "ನಂದೇ ಅದು. ತಪ್ಪಾತು."

ಕಾಕಾ ತಲೆ ಎತ್ತಲಿಲ್ಲ.

ಅವ್ವ ತಂಬಾಕನ್ನು ತಿಪ್ಪೆಗೆ ಚೆಲ್ಲಿ ಡಬ್ಬಿಯನ್ನು ಬಚ್ಚಲಗೋಡೆಯ ಮೇಲೆ ಒಗೆದಳು. ದೇವರ ಪಕ್ಕದಲ್ಲಿ ಇರುವ ಯೋಗ್ಯತೆ ಅದಕ್ಕೆ ಇನ್ನು ಇರಲಿಲ್ಲ. ಪಕ್ಕದ ಮನೆಯ ಶಾರದಾಬಾಯಿ ಸಮಾಧಾನ ಹೇಳಲು ಬಂದಳು. ಅವಳು ಸಮಾಧಾನ ಹೇಳಿ ಹೋದ ಮೇಲೆ ಸುದ್ದಿ ಊರಿಗೆಲ್ಲ ಗೊತ್ತಾಯಿತು.

ಸಂಜೆ ಅಜ್ಜಿ ದೇವರ ಜಗಲಿಯ ಮುಂದೆ ಕೂತು ಹೊಸ ಹರಕೆ ಹೊತ್ತಳು. ಮಶೇರಿಯ ಹರಕೆ ಮುರಿಯಿತಲ್ಲ, ಅದರ ಬದಲಿಗೆ ಚಹಾ ಬಿಡುತ್ತೇನೆ ಎಂದಳು.

 ಅಜ್ಜಿಗೆ ಚಹಾ ಎಂದರೆ ಜೀವ. ದಿನಕ್ಕೆ ಮೂರು ಸಲ, ಬಶಿಯಲ್ಲಿ ಸುರಿದುಕೊಂಡು, ಊದಿ ಊದಿ, ಸೊರ್ರೆಂದು ಸಪ್ಪಳ ಮಾಡಿ ಕುಡಿಯಬೇಕು. ಮರುದಿನ ಅವಳಿಗೆ ತಲೆ ಸಿಡಿಯತೊಡಗಿತು. ಹಣೆಗೆ ಬಟ್ಟೆ ಬಿಗಿದುಕೊಂಡು ಕಂಬಕ್ಕೆ ಒರಗಿ ಕೂತಳು. ಒಳಗೆ ಚಹಾ ಕುದಿಯುವ ವಾಸನೆ ಬಂದಾಗ ಮುಖವನ್ನು ಆ ಕಡೆ ತಿರುಗಿಸಿದಳು.

ಡಬ್ಬಿ ಒಯ್ದವಳು ನಾನು, ಎಲ್ಲ ನನ್ನಿಂದಲೇ ಆಯಿತು ಎಂದು ಶೀತಲ ಒಳಗೊಳಗೇ ಅತ್ತಳು. ಆದರೆ ಒಂದು ಮಾತು ಅವಳಿಗೆ ಹೊಂದುತ್ತಲೇ ಇರಲಿಲ್ಲ. ದಿನಾ ಅಜ್ಜಿಯ ಮಗ್ಗುಲಲ್ಲಿ ಮಲಗುವವಳು ಅವಳು. ಅಜ್ಜಿಯ ಬೆರಳು ಕಪ್ಪಾದದ್ದನ್ನಾಗಲಿ, ಬಾಯಿ ತಂಬಾಕು ನಾರಿದ್ದನ್ನಾಗಲಿ ಒಂದು ದಿನವೂ ಕಂಡಿರಲಿಲ್ಲ.

ಬುಧವಾರ ಸಂಜೆ ಒಣಹಾಕಿದ ಮೆಣಸಿನಕಾಯಿ ತರಲು ಅವ್ವ ಅವಳನ್ನು ಮಾಳಿಗೆಗೆ ಕಳಿಸಿದಳು. ನೀರಿನ ಟಾಕಿಯ ಹಿಂದಿನಿಂದ ಹೊಗೆ ಬರುತ್ತಿತ್ತು. ಅದೇ ವಾಸನೆ. ಅದು ಕಾಕಾನ ಜಾಕೀಟಿನ ವಾಸನೆ ಎಂದು ಆಗ ನೆನಪಾಯಿತು. ಟಾಕಿಯ ಹಿಂದೆ ಕಾಕಾ ಕುಕ್ಕರುಗಾಲಲ್ಲಿ ಕೂತಿದ್ದ. ಅಂಗಿಯ ಎರಡು ಗುಂಡಿ ಬಿಚ್ಚಿದ್ದವು, ಎದೆಯ ನಡುವಿನ ಉದ್ದನೆಯ ಗಾಯದ ಗೆರೆ ಕಾಣುತ್ತಿತ್ತು.

"ಅದು ನಿಂದು," ಎಂದಳು ಶೀತಲ.

ಕಾಕಾ ಕೈಯಲ್ಲೇ ಸುತ್ತಿದ್ದ ಸಿಗರೇಟನ್ನು ನೆಲಕ್ಕೆ ಉಜ್ಜಿ ಆರಿಸಿದ. "ಆ ಡಬ್ಬಿ ಯಾರೂ ಮುಟ್ಟೂದಿಲ್ಲಂತ ಅದರಾಗ ಇಟ್ಟಿದ್ದೆ. ನೀ ಮುಟ್ಟಿದಿ."

"ಅಜ್ಜಿ ಚಹಾ ಬಿಟ್ಟಾಳ."

"ಗೊತ್ತದ."

"ಗೊತ್ತಿದ್ದೂ ಸೇದ್ತಿ? ಎದಿ ಖರಾಬ ಆಗ್ಯದ, ಆದ್ರೂ ಸೇದ್ತಿ?"

ಕಾಕಾ ಅಂಗಿಯ ಗುಂಡಿ ಹಾಕಿಕೊಂಡ. ಮೇನ್ ರೋಡಿನಲ್ಲಿ ಅಕ್ಕಲಕೋಟೆಯ ಎಸ್ಟಿ ಬಸ್ಸು ಹೋದ ಸಪ್ಪಳ ಕೇಳಿಸಿತು.

"ಸಣ್ಣಾಂವ ಇದ್ದಾಗಿಂದ ಎಲ್ಲಾರೂ ಬ್ಯಾಡ ಅಂತಿದ್ರು. ಓಡಬ್ಯಾಡ, ಈಜಬ್ಯಾಡ, ಗಿಡ ಏರಬ್ಯಾಡ. ಕಾಲೇಜಿನ್ಯಾಗ ದೋಸ್ತರು ಸೇದು ಅಂತ ಕೊಟ್ರು. ಅವರಿಗೆ ನನ್ನ ಎದಿ ಕತಿ ಗೊತ್ತಿರಲಿಲ್ಲ. ಅವತ್ತ ಒಂದಿನ ನಾನೂ ಎಲ್ಲಾರಂಗ ಇದ್ದೆ. ಈಗ ಮಲ್ಕೊಂಡ್ರ ನನ್ನ ಎದಿ ಸಪ್ಪಳ ನನಗೇ ಕೇಳಸ್ತದ. ಅಂಜಿಕಿ ಬರ್ತದ. ಇದನ್ನ ಸೇದಿದ್ರ ಕೇಳಸೂದಿಲ್ಲ."

ಶೀತಲಳಿಗೆ ಅವನ ಮೇಲೆ ಸಿಟ್ಟೂ ಬಂತು, ಪಾಪ ಎಂದೂ ಅನ್ನಿಸಿತು. ಎರಡೂ ಒಟ್ಟಿಗೆ ಬಂದರೆ ಏನು ಮಾಡಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಆಪರೇಷನ್ನಿನ ಮೊದಲು ಬಿಡುತ್ತೇನೆ, ಯಾರಿಗೂ ಹೇಳಬೇಡ, ಪ್ರಾಮಿಸ್ ಮಾಡು ಎಂದ ಕಾಕಾ. ಅವಳು ಪ್ರಾಮಿಸ್ ಮಾಡಿದಳು. ನಾಳೆ ಬಿಡುತ್ತೇನೆ ಎನ್ನುವವರ ನಾಳೆ ಯಾವ ಕ್ಯಾಲೆಂಡರಿನಲ್ಲೂ ಇರುವುದಿಲ್ಲವೆಂದು ಹತ್ತು ವರ್ಷದವಳಿಗೆ ಹೇಗೆ ಗೊತ್ತಾಗಬೇಕು?

ಗುರುವಾರ ಕಾಕಾ, ಅಜ್ಜಿ, ಶೀತಲ ಮೂವರೂ ಸೊಲ್ಲಾಪುರಕ್ಕೆ ಹೋದರು. ಅಪ್ಪ ಹೊಲದಲ್ಲಿ ಉಳ್ಳಾಗಡ್ಡಿ ಕೀಳಿಸುತ್ತಿದ್ದ. ಅಜ್ಜಿಗೆ ಓದು ಬಾರದು, ದವಾಖಾನೆಯಲ್ಲಿ ಯಾವ ಬಾಗಿಲು ಯಾವುದೆಂದು ಓದಿ ಹೇಳಲು ಶೀತಲ ಬೇಕು.

ಡಾಕ್ಟರ್ ಒಬ್ಬ ಹೆಣ್ಣುಮಗಳು, ಕನ್ನಡಕ ಹಾಕಿದ್ದರು. ಒಂದೊಂದೇ ಪ್ರಶ್ನೆ ಕೇಳಿ ಕಾಗದದ ಮೇಲೆ ಬರೆಯುತ್ತಿದ್ದರು. ಬೀಡಿ, ಸಿಗರೇಟು, ಗಾಂಜಾ ಏನಾದರೂ ಇದೆಯೇ ಎಂದು ಕೇಳಿದರು.

"ಇಲ್ರಿ," ಎಂದ ಕಾಕಾ.

ಡಾಕ್ಟರ್ ಅಜ್ಜಿಯ ಕಡೆ ತಿರುಗಿ, "ಖರೇ ಏನ್ರಿ ಆಯಿ?" ಎಂದರು.

"ನನ್ನ ಮಗ ಅಂಥಾಂವಲ್ರಿ," ಎಂದಳು ಅಜ್ಜಿ. ಹೇಳುತ್ತಲೇ ಶೀತಲಳ ಕೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದಳು. ಬಳೆ ಚುಚ್ಚುವಷ್ಟು ಗಟ್ಟಿಯಾಗಿ.

ಆಗ ಶೀತಲಳಿಗೆ ಗೊತ್ತಾಯಿತು. ಅಜ್ಜಿಗೆ ಮೊದಲ ದಿನದಿಂದಲೂ ಎಲ್ಲ ಗೊತ್ತಿತ್ತು.

ಡಾಕ್ಟರ್ ಬರೆಯುತ್ತ ಹೇಳಿದರು. "ಇಲ್ಲಂದ್ರ ಚೊಲೋ ಆತು. ಇದ್ದು ಮುಚ್ಚಿಟ್ರ ಕಠಿಣ. ಎಚ್ಚರ ತಪ್ಪಿಸಾಕ ಭೂಲ್ ಕೊಟ್ಟಾಗ ಎದಿ ಬಡಿತ ತಪ್ಪತದ, ಯಾಕ ತಪ್ಪತು ಅಂತ ನಮಗ ಗೊತ್ತಾಗೂದಿಲ್ಲ."

ಪೆನ್ನು ಮುಂದಿನ ಸಾಲಿಗೆ ಇಳಿಯಿತು. ಶೀತಲಳ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಅದು ಎಲ್ಲರಿಗೂ ಕೇಳಿಸುತ್ತಿದೆ ಎಂದು ಅವಳಿಗನ್ನಿಸಿತು. ಪ್ರಾಮಿಸ್ ಮುರಿದರೆ ಕಾಕಾ ಮಾತು ಬಿಡುತ್ತಾನೆ. ಮುರಿಯದಿದ್ದರೆ ಕಾಕಾನೇ ಇರುವುದಿಲ್ಲ.

"ಡಬ್ಬಿದಾಗಿಂದು ಕಾಕಾಂದ್ರಿ," ಎಂದಳು. "ತಂಬಾಕ ಇತ್ತು, ಹಸರ ಪುಡಿನೂ ಇತ್ತು. ನಿನ್ನೆನೂ ಸೇದ್ಯಾನ."

ಅಜ್ಜಿ ಅವಳ ಕೈ ಬಿಟ್ಟುಬಿಟ್ಟಳು.

ಡಾಕ್ಟರಿಗೆ ಯಾವ ಡಬ್ಬಿ ಎಂದು ತಿಳಿಯದಿದ್ದರೂ ಹಸಿರು ಪುಡಿ ತಿಳಿಯಿತು. ಅವರು ಬೈಯಲಿಲ್ಲ. ಸಣ್ಣವರಿದ್ದಾಗ ಹೃದಯ ಹೊಲಿಸಿಕೊಂಡವರು ಅದು ಹೊಸದಾಗಿಬಿಟ್ಟಿದೆ ಎಂದುಕೊಳ್ಳುತ್ತಾರೆ, ನಿನ್ನಂಥವರು ಬಹಳ ಮಂದಿ ಬರುತ್ತಾರೆ ಎಂದರು. ದಿನಕ್ಕೆ ಎಷ್ಟು ಎಂದು ಕೇಳಿದರು. ಕಾಕಾ ನೆಲ ನೋಡುತ್ತ ಹೇಳಿದ. ಅವರು ಮೊದಲು ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದರು. ಮೊದಲು ಇದು ನಿಲ್ಲಬೇಕು, ನಿಲ್ಲಿಸಲು ನೆರವಾಗುವ ಡಾಕ್ಟರ್ ಬೇರೆ ಇದ್ದಾರೆ, ವಾರಕ್ಕೊಮ್ಮೆ ಬಾ, ಆಪರೇಷನ್ ಒಂದು ತಿಂಗಳು ಮುಂದೆ ಹೋಗಲಿ ಎಂದರು.

ಎಸ್ಟಿಯಲ್ಲಿ ಕಾಕಾ ಹಿಂದಿನ ಸೀಟಿಗೆ ಹೋಗಿ ಕೂತ. ಅಜ್ಜಿ ಕಿಟಕಿಯ ಹೊರಗೇ ನೋಡುತ್ತಿದ್ದಳು. ಅರ್ಧ ದಾರಿ ಆದ ಮೇಲೆ ಬಾಯಿ ತೆರೆದಳು.

"ನಿನಗ ಯಾರು ಕೇಳಿದ್ರು? ಅಂವಂದು ಇನ್ನೂ ಲಗ್ನ ಆಗಬೇಕು."

ಶೀತಲ ಅಳಲಿಲ್ಲ. ಕೈಯಲ್ಲಿ ಬಳೆ ಚುಚ್ಚಿದ ಜಾಗವನ್ನು ತಿಕ್ಕಿಕೊಂಡು ಕೂತಳು.

ಮನೆಗೆ ಬಂದು ಕಾಕಾ ಹೇಳಿದ್ದು ಇಷ್ಟೇ, ಆಪರೇಷನ್ ಒಂದು ತಿಂಗಳು ಮುಂದೆ ಹೋಯಿತು. ಅವ್ವ ಅತ್ತೆಯ ಕಡೆ ನೋಡಿದಳು. ನೋಡಿದಿರಾ, ನೀವು ಮಾತು ಮುರಿದದ್ದಕ್ಕೆ ತಾರೀಖು ಕೂಡ ಕೈತಪ್ಪಿತು, ಎನ್ನುವಂತಿತ್ತು ಆ ನೋಟ. ಅಜ್ಜಿ ಹಣೆಯ ಬಟ್ಟೆಯನ್ನು ಇನ್ನಷ್ಟು ಬಿಗಿದುಕೊಂಡಳು. ಕಾಕಾ ಮೊಬೈಲು ಹಿಡಿದು ಮಂಚದ ಮೇಲೆ ಕೂತ.

ಮರುದಿನ ಬೆಳಗ್ಗೆ ಅವ್ವ ನಾಲ್ಕು ಕಪ್ಪುಗಳಿಗೆ ಚಹಾ ಸೋಸಿದಳು. ಅಜ್ಜಿ ಹಣೆಗೆ ಬಟ್ಟೆ ಕಟ್ಟಿಕೊಂಡು ಶೇಂಗಾ ಸುಲಿಯುತ್ತಿದ್ದಳು. ಶೀತಲ ಕಪ್ಪು ಮುಟ್ಟದೆ ಕಾಕಾನನ್ನೇ ನೋಡುತ್ತ ಕೂತಳು. ನೂರು ಎಣಿಸುತ್ತೇನೆ, ಅಷ್ಟರೊಳಗೆ ಅವನು ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದು ನಿರ್ಧರಿಸಿದ್ದಳು.

ಅರವತ್ತೆರಡಕ್ಕೆ ಕಾಕಾ ಕಪ್ಪು ಕೆಳಗಿಟ್ಟ.

"ವೈನಿ, ಡಬ್ಬಿದಾಗಿನ ತಂಬಾಕ ನಂದು. ಗಾಂಜಾನೂ ಇತ್ತು. ನಮ್ಮವ್ವ ಏನೂ ಮುಟ್ಟಿಲ್ಲ."

ಅಪ್ಪ ಕಪ್ಪನ್ನು ಬಾಯಿಯ ತನಕ ಒಯ್ದು ಕೆಳಗಿಟ್ಟ. ಅವ್ವ ಸೋಸುವ ಜಾಲರಿ ಹಿಡಿದು ಹಾಗೇ ನಿಂತಳು. ತಪ್ಪಾಯಿತು ಎನ್ನುವ ಮಾತು ಅವ್ವನ ಬಾಯಿಯಿಂದ ಸುಲಭಕ್ಕೆ ಹೊರಡುವಂಥದ್ದಲ್ಲ. ಅವಳು ಬಚ್ಚಲಿಗೆ ಹೋಗಿ ಡಬ್ಬಿಯನ್ನು ತಿಕ್ಕಿ ತೊಳೆದು ತಂದು ದೇವರ ಜಗಲಿಯ ಮೇಲಿಟ್ಟಳು. ಐದನೆಯ ಕಪ್ಪು ತಂದು, ತುಂಬ ಚಹಾ ಸುರಿದು, ಒಂದು ಚಮಚ ಸಕ್ಕರೆ ಹೆಚ್ಚಿಗೆ ಹಾಕಿ, ಬಶಿಯ ಸಮೇತ ಅಜ್ಜಿಯ ಮುಂದೆ ಇಟ್ಟಳು.

"ಕುಡೀರಿ ಅತ್ತಿ."

ಅಜ್ಜಿ ಬಶಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು. "ಬ್ಯಾಡವ್ವ. ದೇವರಿಗೆ ಬಿಟ್ಟದ್ದು ತಿರುಗಿ ಬೇಡಾಕ ಬರೂದಿಲ್ಲ. ಅಂವಂದು ಆಪರೇಷನ್ ಇನ್ನೂ ಆಗಬೇಕು."

ಖರೇ ಮಾತು ಹೊರಬಿದ್ದರೆ ಎಲ್ಲವೂ ತಂತಮ್ಮ ಜಾಗಕ್ಕೆ ಮರಳುತ್ತವೆ ಎಂದು ಶೀತಲ ಅಂದುಕೊಂಡಿದ್ದಳು. ಡಬ್ಬಿ ಒಂದೇ ಮರಳಿತು.

ಕಾಕಾ ತಲೆ ತಗ್ಗಿಸಿ ಕೂತಿದ್ದ. "ಕುಡಿ ಸಿದ್ದೂ, ಆರ್ತದ," ಎಂದಳು ಅಜ್ಜಿ. ಅವನು ಕಪ್ಪು ಎತ್ತಿದ. ಅಜ್ಜಿ ಅವನನ್ನೇ ನೋಡುತ್ತಿದ್ದಾಳೆ ಎಂದು ಎಲ್ಲರೂ ತಿಳಿದಿರಬೇಕು. ಅಜ್ಜಿ ನೋಡುತ್ತಿದ್ದದ್ದು ಚಹಾವನ್ನು.

ಶೀತಲ ತನ್ನ ಕಪ್ಪನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಅಜ್ಜಿಗೆ ಕಾಣದ ಕಡೆ ಗೋಡೆಯ ಮರೆಯಲ್ಲಿ ನಿಂತು, ಸಪ್ಪಳ ಮಾಡದೆ ಕುಡಿದಳು.