ಬೆಟ್ಟದ ಮೇಲಿನ ಇನ್ನೂರು ಗ್ರಾಂ

2019ನೇ ಇಸವಿ ಮಾರ್ಚ್ 12, ಮಂಗಳವಾರ, ಬೆಳಿಗ್ಗೆ 10 ಗಂಟೆ 10 ನಿಮಿಷ. ಬೆಟ್ಟದ ಮೇಲಿನ ಆ ಊರಿನ ತಕ್ಕಡಿ ಅಂಗಡಿಯಲ್ಲಿ ಅಕ್ಕ ಇನ್ನೂ ಗಾಜಿನ ಕಪಾಟು ಒರೆಸುತ್ತಿದ್ದಳು. ಕಂಪನಿಯ ಏರಿಯಾ ಮ್ಯಾನೇಜರ್ ಒಳಗೆ ಬಂದವನೇ ತನ್ನ ಫೋನನ್ನು ಅವಳ ಮೂಗಿನ ಕೆಳಗೆ ಹಿಡಿದ.

“ಏನಮ್ಮಾ ಇದು?”

ಆನ್‌ಲೈನ್ ಮಾರಾಟದ ಪುಟ. ಅದರಲ್ಲಿ ಅವಳ ಅಂಗಡಿಯದೇ ಎಲೆಕ್ಟ್ರಾನಿಕ್ ತಕ್ಕಡಿ—ಪ್ರಯೋಗಾಲಯದವರು ಕೊಳ್ಳುವ ಮಾದರಿ. ಬೆಲೆ ಅಂಗಡಿಗಿಂತ ಕಾಲುಭಾಗ ಕಡಿಮೆ. ತಕ್ಕಡಿಯ ಪಕ್ಕೆಗೆ ಅಂಟಿಸಿದ ಡೀಲರ್ ಸ್ಟಿಕ್ಕರ್ ಸ್ಪಷ್ಟವಾಗಿತ್ತು: 17. ಅದು ಈ ಅಂಗಡಿಯ ಸಂಖ್ಯೆ.

ಕಂಪನಿಯ ನಿಯಮದಲ್ಲಿ ಗೊಂದಲವೇ ಇರಲಿಲ್ಲ. ಡೀಲರುಗಳು ಆನ್‌ಲೈನಿನಲ್ಲಿ ಮಾರಕೂಡದು; ಮಾರಿದರೆ ಡೀಲರ್‌ಶಿಪ್ ರದ್ದು. ಅಕ್ಕ ಅದನ್ನು ಹಲ್ಲುಕಚ್ಚಿ ಪಾಲಿಸಿಕೊಂಡು ಬಂದಿದ್ದಳು. ಗಿರಾಕಿಗಳು ಬರುತ್ತಿದ್ದರು, ತಕ್ಕಡಿ ಮುಟ್ಟಿ ನೋಡುತ್ತಿದ್ದರು, ಬೇಕಾದಷ್ಟು ಪಾಠ ಹೇಳಿಸಿಕೊಳ್ಳುತ್ತಿದ್ದರು. ಆಮೇಲೆ ಹೊರಗಿನ ಮೆಟ್ಟಿಲ ಮೇಲೇ ನಿಂತು ಫೋನಿನಲ್ಲಿ ಬೇರೆ ಕಂಪನಿಯದನ್ನು ಅಗ್ಗಕ್ಕೆ ತರಿಸಿಕೊಳ್ಳುತ್ತಿದ್ದರು. “ಕೈ ಕಟ್ಟಿ ಹಾಕಿ ಈಜು ಅಂತಾರಲ್ಲಕ್ಕಾ,” ಎಂದು ತಮ್ಮ ದಿನಾ ಗೊಣಗುತ್ತಿದ್ದ.

ಮ್ಯಾನೇಜರ್ ಈಗ ಬೆರಳು ತೋರಿಸಿದ್ದು ಆ ತಮ್ಮನ ಕಡೆಗೇ.

“ಇವನದೇ ಕೆಲಸ. ಹೋದ ವಾರ ನಾನು ಬಂದಾಗ ಇದೇ ಮೇಜಿನ ಮೇಲೆ ತಕ್ಕಡಿ ಇಟ್ಟು ಫೋಟೋ ತೆಗೀತಿದ್ದ. ಕಣ್ಣಾರೆ ನೋಡಿದೀನಿ. ಫೋಟೋದಲ್ಲಿರೋ ಈ ಹಸಿರು ಹಾಸು ನಿಮ್ಮದಲ್ವಾ?”

“ಆ ಹಾಸು ಎಲ್ಲಾ ಡೀಲರ್‌ಗೂ ನೀವೇ ಕೊಟ್ಟಿರೋದು ಸಾರ್!” ಎಂದ ತಮ್ಮ.

ಅಕ್ಕ ಅವನತ್ತ ತಿರುಗಿದಳು. “ಫೋಟೋ ತೆಗೆದಿದ್ದು ಹೌದೋ ಅಲ್ವೋ?”

“ತೆಗೆದಿದ್ದೆ. ಕಪಾಟಿನ ಬಲ್ಬ್ ಹೋಗಿತ್ತಲ್ಲ, ಎಲೆಕ್ಟ್ರಿಷಿಯನ್‌ಗೆ ಕಳಿಸೋಕೆ. ನಿನ್ನಾಣೆ ಅಕ್ಕಾ!”

ಅಕ್ಕ ಮತ್ತೆ ಫೋನಿನ ಫೋಟೋದತ್ತ ತಿರುಗಿದಳು. ತಮ್ಮನ ಮುಖ ಬಾಡಿತು—ಮ್ಯಾನೇಜರನ ಮಾತಿಗಲ್ಲ, ಅವಳ ಅನುಮಾನಕ್ಕೆ.

“ನಾಲ್ಕು ಗಂಟೆಗೆ ಹೆಡ್ ಆಫೀಸ್ ಮೇಡಂ ವಿಡಿಯೋದಲ್ಲಿ ಬರ್ತಾರೆ. ತೀರ್ಮಾನ ಅವರದು,” ಎಂದು ಹೇಳಿ ಮ್ಯಾನೇಜರ್ ತಿಂಡಿಗೆ ಹೊರಟ.

ಅಕ್ಕ ಸೋದರಮಾವನಿಗೆ ಫೋನ್ ಮಾಡಿದಳು. ಅವರು ನಿವೃತ್ತ ಭೌತಶಾಸ್ತ್ರ ಮೇಷ್ಟರು. ತರಕಾರಿಯವಳ ತಕ್ಕಡಿಯನ್ನೂ ಬಗ್ಗಿ ನೋಡುವವರಾದ್ದರಿಂದ ಮನೆಮಂದಿಯೆಲ್ಲ ಅವರನ್ನು ಕರೆಯುತ್ತಿದ್ದುದು ದಶಮಾಂಶ ಮಾವ ಎಂದೇ.

ಮಾವ ಬಂದು ಅಕ್ಕನ ಫೋನಿನಲ್ಲಿ ಆ ಪುಟದ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ತಟ್ಟೆಯ ಮೇಲೆ ಪೆಟ್ಟಿಗೆಯ ಜೊತೆಗೇ ಬರುವ ಇನ್ನೂರು ಗ್ರಾಂ ತೂಕದ ಬಟ್ಟು. ಪರದೆಯಲ್ಲಿ 200.00.

“ಈ ಬೆಳ್ಳಿಬಣ್ಣದ ಚೀಟಿ ಏನೇ?”

“ಕ್ಯಾಲಿಬ್ರೇಷನ್ ಸೀಲ್ ಮಾವ. ಅದರ ಕೆಳಗೊಂದು ಗುಂಡಿ ಇದೆ. ಅದನ್ನ ಒತ್ತಿ, ಬಟ್ಟು ಇಟ್ಟು, ‘ಇದು ಇನ್ನೂರು’ ಅಂತ ತಕ್ಕಡಿಗೆ ಕಲಿಸಬೇಕು. ಕಾರ್ಖಾನೆಯಲ್ಲಿ ಒಂದು ಸಲ ಕಲಿಸಿ ಸೀಲ್ ಹಾಕಿರ್ತಾರೆ. ನಾವು ಗಿರಾಕಿ ಜಾಗಕ್ಕೇ ಹೋಗಿ, ಸೀಲ್ ಹರಿದು, ಮತ್ತೆ ಕಲಿಸ್ತೀವಿ.”

“ಹರಿದ ಸೀಲ್ ಮತ್ತೆ ಅಂಟುತ್ತಾ?”

“ಇಲ್ಲ, ಚೂರುಚೂರಾಗುತ್ತೆ.”

“ಫೋಟೋದಲ್ಲಿ?”

“ಹಾಗೇ ಇದೆ.”

“ಸೀಲ್ ಹರಿಯೋ ಮುಂಚೆ ಬಟ್ಟು ಇಟ್ಟು ನೋಡಿದೀಯಾ ಯಾವತ್ತಾದರೂ?”

“ಯಾಕೆ ನೋಡ್ಲಿ? ಹೇಗಿದ್ರೂ ಹೊಸದಾಗಿ ಕಲಿಸೋದೇ ಅಲ್ವಾ?”

“ಸರಿ. 17ರ ಸ್ಟಿಕ್ಕರ್ ಅಂಟಿಸೋದು ಯಾರು?”

“ಕಂಪನಿ ಗೋದಾಮಿನವರು. ಕೆಳಗೆ, ಸಮುದ್ರದ ದಂಡೇಲಿ, ಕಾರ್ಖಾನೆ ಪಕ್ಕದಲ್ಲೇ ಇದೆ.”

“ಬೀಗದ ಕೈ?”

“ಏರಿಯಾ ಮ್ಯಾನೇಜರ್ ಹತ್ರ.”

ಮಾವ ಕುರ್ಚಿಗೆ ಒರಗಿದರು. “ಒಂದು ಲೋಟ ಟೀ ಸಿಗುತ್ತಾ?”

“ಇಲ್ಲಿ ಪ್ರಾಣ ಹೋಗ್ತಿದೆ, ನಿಮಗೆ ಟೀ!”

“ಯಾರ ಪ್ರಾಣವೂ ಎಲ್ಲಿಗೂ ಹೋಗಲ್ಲ. ಸಕ್ಕರೆ ಕಡಿಮೆ ಹಾಕು.”

ನಾಲ್ಕು ಗಂಟೆಗೆ ಹೆಡ್ ಆಫೀಸಿನ ಮೇಡಂ ಲ್ಯಾಪ್‌ಟಾಪಿನ ಪರದೆಗೆ ಬಂದರು. ಮ್ಯಾನೇಜರ್ ಬೆಳಗಿನ ಮಾತನ್ನೇ ಮತ್ತೆ ಒಪ್ಪಿಸಿದ. ಅವನು ಮುಗಿಸುವವರೆಗೆ ಸುಮ್ಮನಿದ್ದ ಮಾವ ಕೇಳಿದರು:

“ಫೋಟೋ ಇದೇ ಮೇಜಿನ ಮೇಲೆ ತೆಗೆದದ್ದು. ಖಂಡಿತಾನಾ?”

“ಖಂಡಿತ. ನಾನು ಎದುರಿಗೇ ನಿಂತಿದ್ದೆ.”

“ಹಾಗಾದ್ರೆ ಭೂಮಿ ನಿಮ್ಮ ಮಾತು ಒಪ್ಪಲ್ಲ.”

“ಏನ್ರೀ ಹಾಗಂದ್ರೆ?”

“ಎತ್ತರಕ್ಕೆ ಹೋದಷ್ಟೂ ಭೂಮಿಯ ಸೆಳೆತ ಚೂರು ಕಡಿಮೆ. ಈ ತಕ್ಕಡಿ ಅಳೆಯೋದು ಆ ಸೆಳೆತವನ್ನ. ಕಾರ್ಖಾನೆ ಇರೋದು ಸಮುದ್ರ ಮಟ್ಟದಲ್ಲಿ. ಈ ಅಂಗಡಿ ಅದಕ್ಕಿಂತ ಸಾವಿರದ ಇನ್ನೂರು ಮೀಟರ್ ಮೇಲೆ. ಅಲ್ಲಿ ಕಲಿಸಿ ಸೀಲ್ ಹಾಕಿದ ತಕ್ಕಡಿ ಇಲ್ಲಿ ಇನ್ನೂರು ಗ್ರಾಂ ಬಟ್ಟನ್ನ ಪೂರಾ ಇನ್ನೂರು ಅಂತ ತೋರಿಸೋಕೆ ಸಾಧ್ಯವೇ ಇಲ್ಲ. ಒಂದು ಗ್ರಾಮಿನ ನೂರರಲ್ಲಿ ನಾಲ್ಕಾರು ಭಾಗ ಕಡಿಮೆ ಬರಬೇಕು. ಇಲ್ಲಿ 200.00 ಬರಬೇಕಾದ್ರೆ ಸೀಲ್ ಹರಿದು ಹೊಸದಾಗಿ ಕಲಿಸಿರಬೇಕು. ಫೋಟೋದಲ್ಲಿ ಸೀಲ್ ಹರಿದಿಲ್ಲ.”

“ಅಂದ್ರೆ?” ಪರದೆಯಿಂದ ಮೇಡಂ.

“ಅಂದ್ರೆ ಫೋಟೋ ತೆಗೆದದ್ದು ಕೆಳಗೆ. 17ರ ಸ್ಟಿಕ್ಕರ್ ಅಂಟೋದು ಕೆಳಗೆ. ಗೋದಾಮಿನ ಬೀಗದ ಕೈ ಇವರ ಜೇಬಲ್ಲಿ. ಕೆಳಗೆ ತೆಗೆದ ಫೋಟೋನ ಇಲ್ಲೇ ಕಣ್ಣಾರೆ ಕಂಡೆ ಅಂತಲೂ ಇವರೇ ಹೇಳ್ತಿದಾರೆ. ಗಿರಾಕಿಗೆ ನಂಬಿಕೆ ಬರ್ಲಿ ಅಂತ ಬಟ್ಟು ಇಟ್ಟು ಚಂದದ ಅಂಕಿ ತೋರಿಸಿದರಲ್ಲ, ಅಲ್ಲೇ ಎಡವಿದ್ರು.”

“ಇದೆಲ್ಲ ಪುಸ್ತಕದ ಬದನೆಕಾಯಿ ಮೇಡಂ!”

“ಅಂಗಡೀಲಿ ಆ ಮಾದರಿಯ ಪೆಟ್ಟಿಗೆ ಇದೆಯಾ?” ಎಂದು ಕೇಳಿದರು ಮೇಡಂ. “ಇದ್ರೆ ಈಗಲೇ ತೆರೀರಿ.”

ತಮ್ಮ ಎದ್ದ. ಮ್ಯಾನೇಜರ್ ಅವನ ತೋಳು ಹಿಡಿದ.

“ತೆರೀಬೇಡಿ... ಅದರ ಅಗತ್ಯ ಇಲ್ಲ.”

ಅವನು ತೋಳು ಬಿಟ್ಟು ಕುರ್ಚಿಯಲ್ಲಿ ಕೂತ.

“ಟಾರ್ಗೆಟ್ ಮುಟ್ಟಿರಲಿಲ್ಲ ಮೇಡಂ. ಡೀಲರುಗಳು ನಿಯಮಕ್ಕೆ ಹೆದರಿ ಆನ್‌ಲೈನ್ ಮುಟ್ಟಲ್ಲ, ಪೂರ್ತಿ ಬಯಲು ಖಾಲಿ ಬಿದ್ದಿತ್ತು. ಇವರಿಗೆ ಹೊರಟಿದ್ದ ಪೆಟ್ಟಿಗೆಗಳನ್ನ ತಡೆದು ನಾನೇ ಮಾರಿದೆ. ಆ ಪುಟ ನಿಮ್ಮ ಕಣ್ಣಿಗೆ ಬಿತ್ತು. ಯಾರ ತಲೆಗಾದ್ರೂ ಕಟ್ಟಲೇಬೇಕಾಯ್ತು.”

“ನೀವು ನಾಳೆ ನನ್ನೆದುರು ಹಾಜರಾಗಿ. ಗೋದಾಮಿನ ಬೀಗದ ಕೈ ತನ್ನಿ,” ಎಂದರು ಮೇಡಂ. ಆಮೇಲೆ ಅವರ ದನಿ ಮೆದುವಾಯಿತು. “ನಿಮ್ಮ ಡೀಲರ್‌ಶಿಪ್‌ಗೆ ಏನೂ ಆಗಲ್ಲ ಅಮ್ಮಾ. ಈ ನಿಯಮದ ಬಗ್ಗೆಯೂ ಒಂದಿನ ಕೂತು ಮಾತಾಡೋಣ.”

“ಆ ದಿನ ಯಾವತ್ತು ಮೇಡಂ?” ತಮ್ಮನ ಬಾಯಿ ಸುಮ್ಮನಿರಲಿಲ್ಲ. ಅಕ್ಕ ಮೇಜಿನ ಕೆಳಗೆ ಅವನ ತೊಡೆ ಚಿವುಟಿದಳು. ಹಾಗೆ ಚಿವುಟಿದ ಕೈ ಅಲ್ಲೇ ಉಳಿಯಿತು.

“ನಿನ್ನ ನಂಬಲಿಲ್ಲ ಕಣೋ.”

“ಬಿಡಕ್ಕಾ. ನಾನೇ ನನ್ನ ನಂಬಿರಲಿಲ್ಲ. ಎಷ್ಟು ಸಲ ಮಾರಿಬಿಡೋಣ ಅನ್ನಿಸಿತ್ತು ಗೊತ್ತಾ!”

ಅಕ್ಕನಿಗೆ ನಗು ತಡೆಯಲಾಗಲಿಲ್ಲ, ನಗುನಗುತ್ತಲೇ ಕಣ್ಣೊರೆಸಿಕೊಂಡಳು.

“ಒಂದು ನಿಮಿಷ,” ಎಂದರು ಮೇಡಂ. “ವರದಿಗೆ ನನಗೆ ಅಳತೆ ಬೇಕು. ತೆರೀರಿ.”

ತಮ್ಮ ಪೆಟ್ಟಿಗೆಯ ಟೇಪು ಕೊಯ್ದ. ಸೀಲ್ ಮುಟ್ಟದೆ ತಕ್ಕಡಿಯನ್ನು ಮಟ್ಟ ನೋಡಿ ಇಟ್ಟು, ಬಿಸಿಯೇರಲು ಬಿಟ್ಟರು. ಅಷ್ಟರಲ್ಲಿ ಮಾವ ಎರಡನೇ ಲೋಟ ಟೀ ಮುಗಿಸಿದರು. ಅಕ್ಕ ಇಕ್ಕಳದಲ್ಲಿ ಇನ್ನೂರು ಗ್ರಾಂ ಬಟ್ಟನ್ನು ಹಿಡಿದು ತಟ್ಟೆಯ ನಡುವೆ ಇಳಿಸಿದಳು. ಅಂಕಿಗಳು ತುಸು ತಡಬಡಾಯಿಸಿ ನಿಂತವು.

“ಇಲ್ಲಿಗೆ ಕಾಣ್ತಿಲ್ಲ, ಜೋರಾಗಿ ಓದಿ,” ಎಂದರು ಮೇಡಂ.

ಅಕ್ಕ ಓದಿದಳು: “199.95 ಗ್ರಾಂ.”