ಪಾಠ ಮುಗಿದ ಮೇಲೆ

ಸಭೆಗೆ ಮೊದಲು ಸನ್ಮಾನಪತ್ರವನ್ನು ಒಮ್ಮೆ ಓದಿ ಹೇಳುತ್ತೀರಾ ಎಂದು ವಕೀಲರು ಕೇಳಿದಾಗ ಅವಳು ಹಾಳೆಯಿಂದ ಮುಖ ಮರೆಮಾಡಿಕೊಂಡಳು. ಅದು ಅವರಿಗೆ ಕಾಣುವಂತಿರಲಿಲ್ಲ. ಅವರು ಹುಟ್ಟು ಕುರುಡರು. ಕಿವಿ ಮಾತ್ರ ಬಲು ಚುರುಕು.

ವಿಶ್ವವಿದ್ಯಾಲಯದ ಹಳೆ ವಿದ್ಯಾರ್ಥಿಗಳ ಕಚೇರಿಯಲ್ಲಿ ಅವಳದು ಹದಿನೆಂಟು ವರ್ಷದ ನೌಕರಿ. ಎಲ್ಲರಿಗೂ ಸಮಾನ ಅವಕಾಶ ಸಿಗಲೆಂದು ದುಡಿದ ಹಳೆ ವಿದ್ಯಾರ್ಥಿಗೆ ವರ್ಷಕ್ಕೊಂದು ಪ್ರಶಸ್ತಿ. ಸನ್ಮಾನಪತ್ರ ಬರೆಯುವುದು ಅವಳ ಕೆಲಸ. ಈ ವರ್ಷದ ಹೆಸರು ನೋಡಿ ರಜೆ ಹಾಕಿಬಿಡೋಣ ಎಂದುಕೊಂಡಳು. ಹಾಳು ಮನಸ್ಸು ಕೇಳಬೇಕಲ್ಲ.

ಇಪ್ಪತ್ತಾರು ವರ್ಷದ ಹಿಂದೆ ಅವರು ವಕೀಲರಲ್ಲ, ಅವಳ ಸಹಪಾಠಿ. ಇದೇ ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು ಕಾನೂನು ಪುಸ್ತಕಗಳನ್ನೆಲ್ಲ ಅವನಿಗಾಗಿ ಕ್ಯಾಸೆಟ್ಟಿಗೆ ಓದಿಕೊಟ್ಟಿದ್ದಳು. ಅವನು ಅವಳನ್ನು 'ರೇಡಿಯೊ' ಎನ್ನುತ್ತಿದ್ದ. ಪ್ರತಿ ಪಾಠದ ಕೊನೆಗೆ "ಇಲ್ಲಿಗೆ ಮುಗಿಯಿತು" ಎನ್ನುವುದು ಅವಳ ರೂಢಿ. ಕೊನೆಯ ಕ್ಯಾಸೆಟ್ಟಿನಲ್ಲೂ ಹಾಗೇ ಅಂದು, ಆಮೇಲೆ ಉಸಿರು ಬಿಗಿಹಿಡಿದು, ನಿನ್ನ ಮೇಲೆ ನನಗೆ ಪ್ರಾಣ, ಒಪ್ಪಿಗೆಯಿದ್ದರೆ ನಾಳೆ ಲೈಬ್ರರಿಗೆ ಬಾ ಎಂದಿದ್ದಳು.

ಅವನು ಬರಲಿಲ್ಲ. ಮೂರು ದಿನ ಕಾದು, ಇದೇ ಉತ್ತರವೆಂದು ತಿಳಿದು ಊರು ಬಿಟ್ಟವಳು ಎಂಟು ವರ್ಷದ ಮೇಲೆ ಈ ನೌಕರಿಗೆಂದೇ ಮರಳಿದ್ದು. ಮದುವೆಯ ಮಾತೆತ್ತಿದಾಗಲೆಲ್ಲ ಅಕ್ಕನ ಮೇಲೆ ಹರಿಹಾಯ್ದಳು. ನಾಲ್ಕು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಆ ದನಿಯೂ ಹೋಯಿತು. ಈಗಿರುವುದು ಗೊಗ್ಗರು ದನಿ. ಇದರಿಂದ ಗುರುತು ಸಿಗದೆಂಬ ಧೈರ್ಯದ ಮೇಲೆ ಓದತೊಡಗಿದಳು.

ಕಣ್ಣಿಲ್ಲದ ಮಕ್ಕಳಿಗೆ ಕಾಲೇಜುಗಳಲ್ಲಿ ಧ್ವನಿಪುಸ್ತಕ ಸಿಗುವಂತೆ, ಪರೀಕ್ಷೆ ಬರೆದುಕೊಡಲು ಜನ ಸಿಗುವಂತೆ ಇವರು ಕೋರ್ಟು ಹತ್ತಿ ಗೆದ್ದ ಕಥೆಯನ್ನೆಲ್ಲ ಓದಿದಳು. ಕೊನೆಯ ಸಾಲಾದ ಮೇಲೆ ನಾಲಿಗೆ ತಾನಾಗಿಯೇ "ಇಲ್ಲಿಗೆ ಮುಗಿಯಿತು" ಎಂದುಬಿಟ್ಟಿತು.

ಕೋಟಿನ ಗುಂಡಿ ಹಾಕುತ್ತಿದ್ದ ವಕೀಲರ ಬೆರಳುಗಳು ಅಲ್ಲೇ ನಿಂತವು. ತುಟಿಯ ಒಂದು ಕೊನೆ ನಗಲು ಹೋಗಿ ಸೋತಿತು.

"ಹೋದ ವರ್ಷ ಹಳೇ ಕ್ಯಾಸೆಟ್ಟೆಲ್ಲ ಕಂಪ್ಯೂಟರಿಗೆ ಹಾಕಿಸ್ದೆ. ಆಗ ಕೇಳಿಸ್ತು. ಅಲ್ಲೀತನಕ, ಮುಗಿಯಿತು ಅಂದ ಕೂಡ್ಲೇ ಸ್ಟಾಪ್ ಒತ್ತಿಬಿಡ್ತಿದ್ದೆ, ರೇಡಿಯೊ. ಟೇಪ್‌ರೆಕಾರ್ಡರಿನ ಸೆಲ್ ಉಳಿಸೋಕೆ."

ಅವನು ಅಂದು ಬೇಡವೆಂದವನಲ್ಲ, ಕೇಳಿಸಿಕೊಂಡೇ ಇರಲಿಲ್ಲ. ಎರಡು ಸೆಲ್ಲಿಗೆ ಒಂದು ಜನ್ಮ ಹೋಯಿತಲ್ಲ ಎಂದು ನಗುವೂ ಅಳುವೂ ಒಟ್ಟಿಗೇ ಬಂದವು.

"ಕೇಳಿದ್ದಿದ್ರೆ ಬರ್ತಿದ್ಯಾ?"

"ಕೋಲೂ ಬಿಟ್ಟು ಓಡಿ ಬರ್ತಿದ್ದೆ."

ಬಾಗಿಲು ತೆರೆಯಿತು. ವಕೀಲರ ಹೆಂಡತಿ ಒಳಬಂದು, ಸಭೆ ತುಂಬಿದೆಯೆಂದು ಹೇಳಿ, ಉಳಿದ ಗುಂಡಿಗಳನ್ನು ತಾವೇ ಹಾಕಿದರು. ಇಷ್ಟು ಚೆನ್ನಾಗಿ ಬರೆದಿದ್ದಕ್ಕೆ ಅವಳ ಕೈ ಹಿಡಿದು ಥ್ಯಾಂಕ್ಸ್ ಹೇಳಿದರು. ಒಳ್ಳೆಯ ಹೆಂಗಸು, ದ್ವೇಷಿಸೋಣವೆಂದರೂ ಆಗದು.

ಹೆಂಡತಿಯ ತೋಳು ಹಿಡಿದು ಹೊರಟ ವಕೀಲರು ಬಾಗಿಲಲ್ಲಿ ತಿರುಗಿದರು.

"ಮುಂದೆ ಇನ್ನೇನಾದ್ರೂ ಇದೆಯಾ, ಮೇಡಂ?"

"ಇಲ್ಲ ಸರ್. ಇಲ್ಲಿಗೆ ಮುಗಿಯಿತು."

ಆದರೂ ಅವರು ಕಿವಿಗೊಟ್ಟು ಇನ್ನೂ ಒಂದು ಗಳಿಗೆ ಅಲ್ಲೇ ನಿಂತರು.